ಚಿಲಕ ಹಾಕದ ಬೀದಿ

ನಾನು ಹುಟ್ಟಿ ಬೆಳೆದದ್ದು ನಂಜನಗೂಡಿನಲ್ಲಿ, ಕಪಿಲೆ ಕಡೆಗೆ ಇಳಿಯುವ ಒಂದು ಬೀದಿಯಲ್ಲಿ. ನನಗೆ ಒಂಬತ್ತು ವರ್ಷವಾಗಿದ್ದಾಗ ಆ ಬೀದಿಯವರು ಹಗಲು ಹೊತ್ತು ಬಾಗಿಲು ಮುಚ್ಚುವುದನ್ನೇ ಬಿಟ್ಟಿದ್ದರು. ಕಳ್ಳಕಾಕರ ಭಯವಿಲ್ಲದ ಜನವೇನಲ್ಲ. ದೇವಿಯ ಅಪ್ಪಣೆಯಾಗಿತ್ತು, ಅಷ್ಟೆ. ಆ ದೇವಿ ಬರುತ್ತಿದ್ದದ್ದು ನಮ್ಮ ಅತ್ತೆಯ ಮೈಮೇಲೆ.

ಅತ್ತೆ ಎಂದರೆ ಅಪ್ಪನ ತಂಗಿ. ಹತ್ತಿರದ ಹೆಡತಲೆ ಎಂಬ ಊರಿಗೆ ಮದುವೆ ಮಾಡಿಕೊಟ್ಟಿದ್ದರು. ವರ್ಷ ತುಂಬುವುದರೊಳಗೆ ಗಂಡನ ಮನೆಯವರು ಟ್ರಂಕಿನ ಸಮೇತ ತಂದು ಬಿಟ್ಟು, "ನಿಮ್ಮುಡ್ಗಿಗೆ ಗಾಳಿ ಮೆಟ್ಕಂಡದೆ, ನೀವೇ ಮಡೀಕಳಿ" ಎಂದು ಹೇಳಿ ಹೋಗಿದ್ದರು. ಹೆಡತಲೆಯಲ್ಲಿ ಗಾಳಿಯಾಗಿದ್ದದ್ದು ನಮ್ಮ ಹೊಸ್ತಿಲು ದಾಟುತ್ತಲೇ ದೇವಿಯಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದು ಸುಳ್ಳಲ್ಲ.

ಶುಕ್ರವಾರ ಬೆಳಗ್ಗೆ ಅಜ್ಜಿ ಅತ್ತೆಯ ತಲೆಗೆ ನೀರು ಹಾಕಿ, ಹಣೆ ತುಂಬ ಕುಂಕುಮವಿಟ್ಟು, ನಡುಮನೆಯಲ್ಲಿ ಮಣೆಯ ಮೇಲೆ ಕೂರಿಸುತ್ತಿದ್ದಳು. ಬೀದಿಯ ಹೆಂಗಸರು ಕರ್ಪೂರ ಹಚ್ಚಿ ಸುತ್ತ ಕೂರುತ್ತಿದ್ದರು. ಒಬ್ಬಳಿಗೆ ಮಗಳ ಮದುವೆಯ ಚಿಂತೆ, ಇನ್ನೊಬ್ಬಳಿಗೆ ಎಮ್ಮೆ ಹಾಲು ಬತ್ತಿದ ಚಿಂತೆ. ಆ ಹೊಗೆ, ಆ ಗದ್ದಲದ ನಡುವೆ ಅತ್ತೆಯ ಕಣ್ಣು ಒಂದು ಗಳಿಗೆ ಎಲ್ಲೋ ಹೋಗಿ ವಾಪಸು ಬರುತ್ತಿತ್ತು. ಬಂದಾಗ ದನಿ ಸಣ್ಣಗಾಗಿರುತ್ತಿತ್ತು. ಸೆರಗಿನ ತುದಿ ಬಾಯಿಗೆ ಹೋಗಿರುತ್ತಿತ್ತು. ಯಾರು ಏನೇ ಕೇಳಲಿ, ಉತ್ತರ ಒಂದೇ. "ಬಾಗ್ಲು ಆಕ್ಬ್ಯಾಡಿ. ಚಿಲ್ಕ ಆಕ್ಬ್ಯಾಡಿ."

ಅದಕ್ಕೆ ಅಜ್ಜಿಯೇ ಅರ್ಥ ಹಚ್ಚಿದಳು. "ಲಕ್ಷ್ಮಿ ಬರೋ ಹೊತ್ತು ಅಂತ ಮುಸ್ಸಂಜೇಲಿ ಬಾಗ್ಲು ತೆಗ್ದಿಕ್ಕಲ್ವಾ? ಹಗಲೆಲ್ಲ ತೆಗ್ದಿರಿ ಅಂತಾವ್ಳೆ ತಾಯಿ."

ಆ ತಿಂಗಳುಗಳ ಸುಖವನ್ನು ನಾನು ಮತ್ತೆ ಕಂಡಿಲ್ಲ. ಬೀದಿಯ ಮಕ್ಕಳೆಲ್ಲ ಒಂದು ಮನೆಯ ತಲೆಬಾಗಿಲಿನಿಂದ ನುಗ್ಗಿ ಹಿತ್ತಿಲಿನಿಂದ ಹೊರಬಿದ್ದು ಪಕ್ಕದ ಮನೆಗೆ ಓಡುತ್ತಿದ್ದೆವು. ಒಂದು ಕಡೆ ಉಪ್ಪಿನಕಾಯಿ, ಒಂದು ಕಡೆ ಅಟ್ಟಕ್ಕೆ ತೂಗುಹಾಕಿದ ರಸಬಾಳೆಯ ಗೊನೆ, ಇನ್ನೊಂದು ಕಡೆ ಒಲೆಯ ಮೇಲಿನ ಬಿಸಿ ಬಸ್ಸಾರು. ಒಮ್ಮೆ ಆಡೊಂದು ಮೂಲೆಮನೆಯ ದೇವರಗೂಡಿಗೆ ಬಾಯಿ ಹಾಕಿ ದಾಸವಾಳವನ್ನೆಲ್ಲ ತಿಂದಿತು. ದೇವಿಯೇ ಒಳಗೆ ಬಿಟ್ಟವಳು ಎಂದು ಆ ಮನೆಯಾಕೆ ಅದಕ್ಕೂ ಕೈಮುಗಿದಳು.

ಆದರೆ ದೇವಿಗೆ ಚೌಕಾಬಾರದ ಹುಚ್ಚು ಎಂಬುದು ನನಗೊಬ್ಬಳಿಗೇ ಗೊತ್ತಿತ್ತು. ಮಧ್ಯಾಹ್ನ ಹಿರಿಯರು ಮಲಗಿದಾಗ ಕರ್ಪೂರ, ಕುಂಕುಮ ಏನೂ ಇಲ್ಲದೆ ಅವಳು ಬರುತ್ತಿದ್ದಳು. ಅತ್ತೆ ಕೋಣೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆಗಳನ್ನು ಗೀಚಿ, ನಾಲ್ಕು ಕವಡೆ ಹಿಡಿದು, "ಬಾರೇ" ಎಂದರೆ ಅದು ಅತ್ತೆಯಲ್ಲ ಎಂದು ನನಗೆ ತಿಳಿಯುತ್ತಿತ್ತು. ವಯಸ್ಸು ಕೇಳಿದರೆ "ಎಂಟು" ಎನ್ನುತ್ತಿದ್ದಳು. ನನಗೆ ಒಂಬತ್ತು, ಹಾಗಾಗಿ ಯಜಮಾನಿಕೆ ನನ್ನದು. ಮೋಸದಾಟದಲ್ಲಿ ಮಾತ್ರ ಅವಳು ನನ್ನನ್ನು ಮೀರಿಸಿದವಳು. ನನಗೆ ಅವಳು ದೇವಿಯೂ ಅಲ್ಲ, ಗಾಳಿಯೂ ಅಲ್ಲ. ಗೆಳತಿ. ಇದನ್ನು ಅಜ್ಜಿಗೆ ಹೇಳಿದ್ದಕ್ಕೆ, "ದ್ಯಾವ್ರ ಮಾತ ಆಡ್ಬಾರ್ದು, ಬಾಯ್ಮುಚ್ಚು" ಎಂದು ಬೈಸಿಕೊಂಡಿದ್ದೆ.

ಒಂದು ಮಧ್ಯಾಹ್ನ ಸತತವಾಗಿ ಮೂರು ಆಟ ಸೋತೆ. ನಾಲ್ಕನೆಯ ಆಟದಲ್ಲಿ ಹಣ್ಣಾಗಲು ಒಂದೇ ಮನೆ ಉಳಿದಿದ್ದ ನನ್ನ ಕಾಯಿಯನ್ನು ಅವಳು ಹೊಡೆದು ಕಿಸಕ್ಕನೆ ನಕ್ಕಳು. ನನಗೆ ಮೂಗಿನ ತುದಿಯಲ್ಲೇ ಕೋಪ, ಈಗಲೂ ಹಾಗೇ. ಎದ್ದು ಹೊರಗೆ ಬಂದು ಬಾಗಿಲೆಳೆದು ಚಿಲಕ ಹಾಕಿದೆ. ಅವಳಿಗೆ ಯಾವುದು ಬೇಡವೋ ಅದು ನನಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಹಾಕಿದೆ. ಒಳಗಿನಿಂದ ಬಂದ ಕೂಗು ಮನುಷ್ಯರದೆಂದು ಅನಿಸಲಿಲ್ಲ. ಚಿಲಕ ತೆಗೆದಾಗ ಅತ್ತೆ ಮೂಲೆಯಲ್ಲಿ ಮುದುರಿ ಕೂತಿದ್ದರು. ಅವರ ಕಣ್ಣು ಆಗಲೇ ದೊಡ್ಡವರ ಕಣ್ಣಾಗಿತ್ತು. "ನಾನ್ಯಾಕವ್ವ ಇಲ್ಲಿ ಕೂತಿವ್ನಿ?" ಎಂದು ನನ್ನನ್ನೇ ಕೇಳಿದರು. ಗೊತ್ತಿಲ್ಲ ಎಂದೆ.

ಅಂದಿನಿಂದ ಅವಳು ನನ್ನೊಂದಿಗೆ ಆಡಲು ಬರಲಿಲ್ಲ. ಶುಕ್ರವಾರದ ಹೊಗೆಯಲ್ಲಿ ಬಂದರೂ ನನ್ನ ಕಡೆ ತಿರುಗುತ್ತಿರಲಿಲ್ಲ. ಅತ್ತ ಬೀದಿಯಲ್ಲಿ ಯಾರದೋ ತಾಮ್ರದ ಹಂಡೆ ಕಳುವಾಯಿತು, ದೇವಿಯ ಅಪ್ಪಣೆ ತಾನಾಗಿ ಸಡಿಲವಾಯಿತು. ಕವಡೆಗಳನ್ನು ನಾನು ಎತ್ತಿಟ್ಟುಕೊಂಡೆ.

ದೊಡ್ಡವಳಾಗಿ ತಿ. ನರಸೀಪುರದಲ್ಲಿ ಮೇಷ್ಟರ ಕೆಲಸಕ್ಕೆ ಸೇರಿದೆ. ಅಜ್ಜಿ, ಅಪ್ಪ ಹೋದ ಮೇಲೆ ಅತ್ತೆ ನನ್ನ ಮನೆಗೆ ಬಂದರು. ಒಂದು ದಿನ ತಲಕಾಡಿನ ಬಸ್ಸಿನಲ್ಲಿ ಕೂತಿರುವಾಗ ಅವರಿಗೆ ತಟ್ಟನೆ ಎಚ್ಚರವಾದಂತಾಗಿ ತಾನೆಲ್ಲಿದ್ದೇನೆಂದು ಅರಿವಾಯಿತಂತೆ. ಬಸ್ಸು ಹತ್ತಿದ್ದು, ಟಿಕೆಟ್ ಕೊಂಡದ್ದು ಒಂದೂ ನೆನಪಿರಲಿಲ್ಲ. ಆಗ ಮೈಸೂರಿಗೆ, ಮನಸ್ಸಿನ ಕಾಯಿಲೆ ನೋಡುವ ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ತಿಂಗಳುಗಟ್ಟಲೆ ಮಾತಾಡಿಸಿದ ಮೇಲೆ ಆಕೆ ಹೇಳಿದ್ದು ಇಷ್ಟು: ಎಂಟು ವರ್ಷದ ಅತ್ತೆಯನ್ನು ಬೇಸಿಗೆ ರಜೆಯಲ್ಲಿ ನೆಂಟರ ಮನೆಗೆ ಕಳಿಸಿದ್ದರು. ಅಲ್ಲಿ ಒಬ್ಬ ಹಿರಿಯ ಅವರನ್ನು ಉಗ್ರಾಣಕ್ಕೆ ಕರೆದುಕೊಂಡು ಹೋಗಿ ಚಿಲಕ ಹಾಕುತ್ತಿದ್ದ. ಆ ಮಗು ತಾಳಲಾರದ್ದನ್ನು ತಾಳಲು ಮನಸ್ಸು ತನ್ನನ್ನೇ ಒಡೆದುಕೊಂಡಿತ್ತು. ಒಂದು ತುಂಡು ಬೆಳೆಯಿತು, ಇನ್ನೊಂದು ಆ ಉಗ್ರಾಣದಲ್ಲೇ ಎಂಟು ವರ್ಷದ್ದಾಗಿ ಉಳಿಯಿತು. ಮೈಮೇಲೆ ಬರುವವರಿಗೆಲ್ಲ ಹೀಗೆಂದಲ್ಲ, ಇವರಿಗೆ ಹೀಗಾಗಿದೆ ಎಂದೂ ಹೇಳಿದರು. ಹಾಗಾದರೆ ಅವಳನ್ನು ಕಳಿಸುವುದು ಹೇಗೆ ಎಂದು ಕೇಳಿದೆ. "ಕಳಿಸೋಕೆ ಅಲ್ಲಿ ಹೊರಗಿನವರು ಯಾರಿದ್ದಾರೆ ಮೇಡಂ? ಎಲ್ಲ ಇವರೇ. ಅವಳಿಗೆ ಹೆದರಿಕೆ ಇಲ್ಲದ ಹಾಗೆ ನೋಡಿಕೊಳ್ಳಿ."

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಅಳು ಬಂದುಬಿಟ್ಟಿತು. ನಮ್ಮ ಬೀದಿ ಅಷ್ಟೊಂದು ತಿಂಗಳು ಕೇಳಿದ್ದು ಒಂದು ಮಗುವಿನ ಮೊರೆಯನ್ನು. ಎಲ್ಲರೂ ಕೈಮುಗಿದರು, ಯಾಕಮ್ಮ ಎಂದು ಒಬ್ಬರೂ ಕೇಳಲಿಲ್ಲ. ನನ್ನ ಬಾಲ್ಯದ ಅತಿ ಸಿಹಿಯಾದ ದಿನಗಳು ಅವಳ ಹೆದರಿಕೆಯಿಂದ ಬಂದವು. ಆ ದಿನಗಳನ್ನು ನೆನೆದರೆ ಈಗಲೂ ಬಾಯಲ್ಲಿ ನೀರೂರುತ್ತದೆ, ನಾಚಿಕೆಯೂ ಆಗುತ್ತದೆ.

ಸ್ಟಾಫ್ ರೂಮಿನಲ್ಲಿ ಹೇಳಿಕೊಂಡಾಗ ಸಹೋದ್ಯೋಗಿಯೊಬ್ಬರು ಕುರ್ಚಿಯನ್ನೇ ಸ್ವಲ್ಪ ಹಿಂದಕ್ಕೆಳೆದು, "ಸಿನಿಮಾದಲ್ಲಿ ತೋರಿಸ್ತಾರಲ್ಲ, ಕೊಲೆಗಿಲೆ ಮಾಡೋರು, ಅದಾ? ಮನೇಲಿ ಚಾಕು ಎತ್ತಿಡಿ" ಎಂದರು. ಮನೆಗೆ ಬಂದು ಸಿಟ್ಟಿನಲ್ಲೇ ಅದನ್ನು ಅತ್ತೆಗೆ ಹೇಳಿದೆ. ಎಪ್ಪತ್ತು ದಾಟಿದ ಅತ್ತೆ ನಕ್ಕುಬಿಟ್ಟರು. "ಇಲ್ಲಿ ಸಂಗಮದಲ್ಲಿ ಕಾಣಾದು ಎಲ್ಡೇ ಹೊಳೆ. ಮೂರ್ನೇದು ಅದೆ ಅಂತ ನಂಬ್ಕಂಡು ಎಲ್ರೂ ಮುಳುಗಿ ಏಳ್ತರೆ. ನನ್ನೊಳ್ಗಿರೋ ಒಂದು ಮಗೀನ ನಂಬಾಕೆ ಇವ್ರಿಗೇನವ್ವ ಕಷ್ಟ?"

ಮಾರನೆಯ ದಿನವೇ ಬಡಗಿಯನ್ನು ಕರೆಸಿ ಅತ್ತೆಯ ಕೋಣೆಯ ಚಿಲಕ ಕೀಳಿಸಿದೆ. ಕವಡೆಗಳನ್ನು ಅಲ್ಲೇ ಕಿಟಕಿಯ ಮೇಲಿಟ್ಟೆ. ಎರಡು ವರ್ಷ ಅವು ಧೂಳು ತಿಂದವು.

ಹೋದ ತಿಂಗಳು ಒಂದು ಭಾನುವಾರ ಊಟವಾದ ಮೇಲೆ ಆ ಕೋಣೆಯಲ್ಲಿ ಕೂತು ಮಕ್ಕಳ ಪರೀಕ್ಷೆ ಪೇಪರು ತಿದ್ದುತ್ತಿದ್ದೆ. ತಲೆಯೆತ್ತಿದಾಗ ಅತ್ತೆ ನೆಲದ ಮೇಲೆ ಕೂತು ನನ್ನ ಸೀಮೆಸುಣ್ಣದಲ್ಲಿ ಮನೆಗಳನ್ನು ಗೀಚುತ್ತಿದ್ದರು. ಸೆರಗಿನ ತುದಿ ಬಾಯಲ್ಲಿತ್ತು. ಮೊದಲು ಬಾಗಿಲ ಕಡೆ, ಚಿಲಕವಿದ್ದ ಜಾಗದ ತೂತುಗಳನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು, ಬಹಳ ಹೊತ್ತು.

"ನಿನ್ ಕೂದ್ಲು ಯಾಕೆ ಇಷ್ಟು ಬೆಳ್ಳಗಾಗದೆ?"

ಮಂಡಿ ನೋವಿನಲ್ಲೇ ನಾನೂ ನೆಲಕ್ಕೆ ಇಳಿದೆ. ನಲವತ್ತೇಳು ವರ್ಷದಿಂದ ಯಾರಿಗೂ ಹೇಳದ ಮಾತು ಹೊರಗೆ ಬಂತು. "ಅವತ್ತು ಚಿಲ್ಕ ಹಾಕಿದ್ದು ನಾನೇ ಕಣೇ. ಬೇಕೂಂತ್ಲೇ ಹಾಕ್ದೆ. ತಪ್ಪಾಯ್ತು."

"ಗೊತ್ತು," ಎಂದಳು. "ನೀನೇ ತೆಗ್ದೆ, ಅದೂ ಗೊತ್ತು." ಕವಡೆಗಳನ್ನು ಸೆರಗಿನಲ್ಲಿ ಒರೆಸಿ ನನ್ನ ಮುಂದಕ್ಕೆ ತಳ್ಳಿದಳು. "ಬಿಡು ಕಣೇ, ನಿಂದೇ ಆಟ."