ಅಕ್ಕನ ಹೆಸರಿಗೆ ಒಂದು ಮನೆ

ನಮ್ಮಕ್ಕನಿಗೆ ಕಣ್ಣು ಕಾಣುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮನೆ ಬಾಡಿಗೆಗೆ ಕೊಡುವವರು ಅವಳಲ್ಲಿ ನೋಡಿದ್ದು ಇದೊಂದನ್ನೇ. ಚಿಕ್ಕಂದಿನಲ್ಲಿ ಜ್ವರ ಬಂದು ದೃಷ್ಟಿ ಹೋಯಿತು. ಆದರೂ ಅವಳು ಅಂಧರ ಶಾಲೆಯಲ್ಲಿ ಓದಿ ಪಾಸಾದಳು. ಎರಡು ಕಣ್ಣೂ ನೆಟ್ಟಗಿದ್ದ ನಾನು ಐದನೇ ಕ್ಲಾಸಿಗೇ ಪಾಟಿಚೀಲ ಬಿಸಾಕಿ ವೆಲ್ಡಿಂಗ್ ಅಂಗಡಿ ಸೇರಿದೆ.

ದೊಡ್ಡಾಸ್ಪತ್ರೆಯಲ್ಲಿ ಅವಳು ಟೆಲಿಫೋನ್ ಆಪರೇಟರ್. ಒಮ್ಮೆ ಒಬ್ಬ ಹಿರಿಯ ಡಾಕ್ಟರು ಫೋನಿನಲ್ಲಿ ಗಂಟಲು ಹರಿದುಕೊಂಡಾಗ, "ಸಾರ್, ನನಗೆ ಕಾಣೋದಿಲ್ಲ ಅಷ್ಟೇ, ಕಿವಿ ಚೆನ್ನಾಗಿದೆ" ಎಂದಳಂತೆ. ಆಮೇಲೆ ಆತ ಅವಳ ಹತ್ತಿರ ತಗ್ಗಿದ ದನಿಯಲ್ಲೇ ಮಾತಾಡುತ್ತಿದ್ದರಂತೆ.

ಮೊದಲು ಅಪ್ಪ ಅಮ್ಮನ ಮನೆ, ಆಮೇಲೆ ಹಾಸ್ಟೆಲ್, ಹಾಸ್ಟೆಲ್ ಮುಚ್ಚಿದ ಮೇಲೆ ನನ್ನ ಮನೆ. ನನ್ನ ಹೆಂಡತಿಗೂ ಅವಳಿಗೂ ಒಂದು ದಿನವೂ ಮುಖ ಕೆಟ್ಟಿದ್ದಿಲ್ಲ. ಹೀಗಿರುವಾಗ ಒಂದು ಸಂಜೆ ಅಕ್ಕ ಈರುಳ್ಳಿ ಹೆಚ್ಚುತ್ತಾ, ಬೇರೆ ಮನೆ ಮಾಡುತ್ತೇನೆ ಅಂದಳು. ನನಗೆ ಪಿತ್ತ ನೆತ್ತಿಗೇರಿತು. ನಾವೇನು ಕಡಿಮೆ ಮಾಡಿದ್ದೇವೆ ಎಂದು ಹಾರಾಡಿದೆ. ಅವಳು ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ನೀವೇನೂ ಕಡಿಮೆ ಮಾಡಿಲ್ಲ ಕಣೋ. ಐವತ್ತು ಹತ್ತಿರ ಬಂತು. ಇನ್ನೂ ಯಾರದೋ ಮನೇಲಿ ಇರೋಳೇ ಆಗಿದ್ದೀನಿ, ನಾನು."

ಮನೆ ನೋಡಲು ಜೊತೆಗೆ ಹೊರಟೆ. ಹೋದಲ್ಲೆಲ್ಲ ಯಜಮಾನರು ನನ್ನನ್ನೇ ಕೇಳುತ್ತಿದ್ದರು: ಇವರು ಅಡುಗೆ ಮಾಡುತ್ತಾರಾ, ಗ್ಯಾಸ್ ಆರಿಸುತ್ತಾರಾ, ಬಿದ್ದರೆ ಹೊಣೆ ಯಾರು. ಪಕ್ಕದಲ್ಲೇ ನಿಂತವಳನ್ನು ಬಿಟ್ಟು, ಎಮ್ಮೆ ವ್ಯಾಪಾರಕ್ಕೆ ಬಂದವರ ಹಾಗೆ. ಅವಳಿಗೆ ಬಾಯಿಲ್ಲವೇ ಎಂದು ನಾನು ಜಗಳಕ್ಕೆ ಬಿದ್ದರೆ ಬಾಗಿಲು ಧಡಾರನೆ ಮುಚ್ಚುತ್ತಿತ್ತು. ಅಕ್ಕ ನನಗೆ ಕಿಡಿ ಅಂತ ಹೆಸರಿಟ್ಟಿದ್ದಾಳೆ. "ನೀನು ಬಂದರೆ ಮನೆ ಸಿಗೋದಿರಲಿ, ಬೀದಿಗೆ ಬೀದಿಯೇ ಕೈತಪ್ಪುತ್ತೆ ಕಿಡಿ" ಎಂದು ನನ್ನನ್ನು ಬಿಟ್ಟು ಒಬ್ಬಳೇ ಹೋಗತೊಡಗಿದಳು.

ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ನೆಲಮಹಡಿಯ ಮನೆಯೊಂದು ಖಾಲಿಯಿತ್ತು. ಯಜಮಾನರು ಪುಸ್ತಕದಂಗಡಿ ಮಾರಿ ವಿಶ್ರಾಂತಿಯಲ್ಲಿದ್ದ ಮುದುಕರು, ಮೇಲ್ಮಹಡಿಯಲ್ಲೇ ವಾಸ. ಫೋನಿನಲ್ಲಿ ಅಕ್ಕನ ದನಿ ಕೇಳಿ ಖುಷಿಯಾಗಿ, ಬಾಡಿಗೆ ಮಾತಾಡಿ, ಬನ್ನಿ ಅಂದಿದ್ದರು. ಅವಳು ಬಿಳಿ ಕೋಲು ಹಿಡಿದು ಬಾಗಿಲಿಗೆ ಹೋದ ಮೇಲೆ, ಅಯ್ಯೋ, ಬೆಳಿಗ್ಗೆಯಷ್ಟೇ ಬೇರೆಯವರಿಗೆ ಕೊಟ್ಟುಬಿಟ್ಟೆ ಅಂದರು.

ಮಾರನೆಯ ದಿನ ಕಿಟಕಿಯ ಗ್ರಿಲ್ ಸಾಗಿಸುತ್ತಾ ಅದೇ ಬೀದಿಯಲ್ಲಿ ಹೋದೆ. 'ಮನೆ ಬಾಡಿಗೆಗಿದೆ' ಬೋರ್ಡು ತೂಗುತ್ತಲೇ ಇತ್ತು. ಅಕ್ಕನಿಗೆ ಹೇಳಿದೆ. ನೀನು ಯಾರೋ ಎಂಬ ಹಾಗೆ ಹೋಗಿ ಮನೆ ಕೇಳು, ನೋಡು, ವಾಪಸ್ಸು ಬಾ ಅಂದಳು.

"ಜಗಳ ಆಡಬೇಡ. ಜಗಳಗಂಟನ ಸಾಕ್ಷಿ ಯಾರೂ ನಂಬಲ್ಲ."

ಹೋದೆ. ಮುದುಕರು ಅಡುಗೆಮನೆಯ ಕಟ್ಟೆ, ಹಿತ್ತಲ ನಲ್ಲಿ, ಬಚ್ಚಲು ಎಲ್ಲ ಅಕ್ಕರೆಯಿಂದ ತೋರಿಸಿದರು. ಯಾವಾಗ ಬರುತ್ತೀರಿ ಎಂದೂ ಕೇಳಿದರು. ಆಮೇಲೆ, ನಾನು ಕೇಳದಿದ್ದರೂ, "ನಿನ್ನೆ ಒಬ್ಬಳು ಕುರುಡಿ ಬಂದಿದ್ದಳು, ಸಾಗಹಾಕೋದೇ ಕಷ್ಟವಾಯ್ತು" ಎಂದು ನಕ್ಕರು. ನಾನು ಕಿಟಕಿಯ ಸರಳು ಹಿಡಿದುಕೊಂಡಿದ್ದೆ. ಹಿಡಿದೇ ಇದ್ದೆ. ಯೋಚನೆ ಮಾಡಿ ಹೇಳುತ್ತೇನೆ ಅಂದು ಬೀದಿಗಿಳಿದೆ. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ.

ಅಕ್ಕ ದೂರು ಕೊಟ್ಟಳು. ಬಾಡಿಗೆ ತಕರಾರು ಕೇಳುವ ಕಚೇರಿಯಲ್ಲಿ ಅಧಿಕಾರಿಯಮ್ಮ ನಮ್ಮೆಲ್ಲರನ್ನೂ ಒಂದೇ ಮೇಜಿನ ಮುಂದೆ ಕೂರಿಸಿದರು. ನಾನು ಕಂಡದ್ದು, ಕೇಳಿದ್ದು ಹೇಳಿದೆ. ಮುದುಕರು ತಲೆ ತಗ್ಗಿಸಿದರು. ಕೆಟ್ಟವರಲ್ಲ ಅವರು, ಅದನ್ನೂ ಹೇಳಬೇಕು. ಮೇಲೆ ಹಾಸಿಗೆ ಹಿಡಿದ ಹೆಂಡತಿ ಇದ್ದಾಳೆ, ಕೆಳಗೆ ಬೆಂಕಿಗಿಂಕಿ ಬಿದ್ದರೆ ಅಂತ ಹೆದರಿದೆ ಅಂದರು. ಆಮೇಲೆ ತಾವೇ ದಾರಿ ಹೇಳಿದರು: ಕರಾರು ತಮ್ಮನ ಹೆಸರಿಗಿರಲಿ, ಹೊಣೆ ಅವನು ಹೊರಲಿ, ಈ ಅಮ್ಮ ಆರಾಮವಾಗಿ ಇದ್ದುಕೊಳ್ಳಲಿ.

ನನ್ನ ಎದೆ ಹಗುರಾಯಿತು. ಆಗಲಿ ಸ್ವಾಮಿ ಎಂದು ಜೇಬಿನಿಂದ ಪೆನ್ನು ತೆಗೆದು ಟಕ್ಕೆಂದು ಒತ್ತಿದೆ.

"ಪೆನ್ನು ಒಳಗಿಡು" ಅಂದಳು ಅಕ್ಕ.

"ಮನೆ ಸಿಗುತ್ತಲ್ಲಕ್ಕಾ. ಯಾರ ಹೆಸರಾದರೇನು?"

"ಸಿಗೋದು ನಿನಗೆ. ನಾನು ಅದರಲ್ಲಿ ಇರ್ತೀನಿ. ಈಗಲೂ ಹಾಗೇ ತಾನೇ ಇರೋದು?"

ಸಿಟ್ಟು ಬಂತು, ಆದರೆ ಯಾರ ಮೇಲೆ ಹಾಕುವುದೋ ತಿಳಿಯಲಿಲ್ಲ. ಬಾಗಿಲಲ್ಲಿ ನಿಂತು ನನ್ನನ್ನೇ ಕೇಳುತ್ತಿದ್ದ ಯಜಮಾನರಿಗೆ ಇಷ್ಟು ದಿನ ಬೈದಿದ್ದೆ. ಈಗ ಅವಳನ್ನು ಕೇಳದೆ ಹೂಂ ಅಂದವನು ನಾನೇ. ಪೆನ್ನು ಜೇಬಿಗೆ ಹೋಯಿತು.

ಹಾಗೆ ಕೊಡುವುದಾದರೆ ಮನೆಯೇ ಬೇಡ ಎಂದು ಅಕ್ಕ ಖಂಡಿತವಾಗಿ ಹೇಳಿದಳು. ಅಧಿಕಾರಿಯಮ್ಮ ಮುದುಕರ ಕಡೆ ತಿರುಗಿ, ಹಿಂದಿನ ಬಾಡಿಗೆದಾರರಿಂದ ಹೀಗೆ ಬೇರೆಯವರ ಹೊಣೆ ಬರೆಸಿಕೊಂಡಿದ್ದಿರಾ ಎಂದು ಕೇಳಿದರು. ಇಲ್ಲ ಅಂದರು. ಹಾಗಾದರೆ ಇವರಿಂದಲೂ ಕೇಳುವ ಹಾಗಿಲ್ಲ, ಕಣ್ಣಿಲ್ಲ ಅಂತ ಮನೆ ಇಲ್ಲ ಅನ್ನುವ ಹಾಗೂ ಇಲ್ಲ, ಮಾತಾದ ಬಾಡಿಗೆಗೇ ಕೊಡಿ ಎಂದು ಆದೇಶ ಬರೆದರು. ಅಕ್ಕನ ಹೆಸರಿಗೇ ಬರೆದ ಕರಾರಿನಲ್ಲಿ ಸಹಿಯ ಜಾಗ ತೋರಿಸಲು ನನ್ನ ಕೈ ತಾನಾಗಿ ಮುಂದೆ ಹೋಯಿತು. ಹಿಂದಕ್ಕೆಳೆದುಕೊಂಡೆ. ಎಲ್ಲಿ ಮಾಡಲಿ ಎಂದು ಅಕ್ಕನೇ ಅಧಿಕಾರಿಯಮ್ಮನನ್ನು ಕೇಳಿ ಸಹಿ ಹಾಕಿದಳು.

ಮನೆ ಸೇರುವ ದಿನ ಟ್ರಂಕು, ಮಂಚ, ಒಲೆ ಎಲ್ಲ ನಾನೇ ಹೊತ್ತೆ. ಮುದುಕರು ಕೆಳಗಿಳಿದು ಬಂದು ಅಭ್ಯಾಸಬಲದಿಂದ ಬೀಗದಕೈ ನನ್ನ ಕಡೆ ಚಾಚಿದರು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಅವರು ಅಕ್ಕನ ಕಡೆ ತಿರುಗಿ, "ತಗೊಳ್ಳಿ ಅಮ್ಮಾ" ಅಂದರು.

ಆ ಮೂಲೆ ಚೂಪಾಗಿದೆ, ಈ ಹೊಸ್ತಿಲು ಎತ್ತರ ಎಂದು ನಾನು ಒಳಗೆ ಸುತ್ತುತ್ತಲೇ ಇದ್ದೆ. ಕೊನೆಗೆ ಅಕ್ಕ ನನ್ನ ಭುಜ ಹಿಡಿದು ಬಾಗಿಲ ಕಡೆ ತಿರುಗಿಸಿದಳು.

"ಹೊರಡು ಇನ್ನು. ಬರೋ ಮುಂಚೆ ಒಂದು ಫೋನ್ ಮಾಡು."

ಈಗ ಫೋನ್ ಮಾಡಿಯೇ ಹೋಗುತ್ತೇನೆ. ಒಮ್ಮೊಮ್ಮೆ, ಇವತ್ತು ಬೇಡ ಕಣೋ, ನನಗೆ ಕೆಲಸ ಇದೆ ಅನ್ನುತ್ತಾಳೆ. ಸಿಟ್ಟು ಬರುತ್ತದೆ. ಆಯ್ತಕ್ಕ ಎಂದು ಇಡುತ್ತೇನೆ.