ಶಬ್ದಗ್ರಹಣ: ಕರ್ಕಶ

ಸಿನಿಮಾ ವಿಮರ್ಶೆ ಬರೆಯುವವರಿಗೆಲ್ಲ ಅಜೀರ್ಣದ ಕಾಯಿಲೆ ಇರುತ್ತದೆ ಎಂದು ನನ್ನ ಹೆಂಡತಿಯ ನಂಬಿಕೆ. ಆಕೆ ಕಂಡಿರುವ ವಿಮರ್ಶಕ ನಾನೊಬ್ಬನೇ. ಆದ್ದರಿಂದ ಆ ನಂಬಿಕೆಯನ್ನು ಅಲ್ಲಗಳೆಯಲು ನನ್ನ ಹತ್ತಿರ ಏನೂ ಇಲ್ಲ.

ದೊಡ್ಡಬಳ್ಳಾಪುರದ ತಾಲ್ಲೂಕು ಕಚೇರಿಯಲ್ಲಿ ನಾನು ಗುಮಾಸ್ತ. ಬಿಡುವಿನಲ್ಲಿ ಬೆಂಗಳೂರಿನ ಒಂದು ಪತ್ರಿಕೆಗೆ ಊರ ಸುದ್ದಿ ಕಳಿಸುತ್ತೇನೆ. ಊರಿಗೆ ಸಿನಿಮಾ ಡೇರೆ ಬಂದಾಗ ಚಿತ್ರಗಳ ವಿಮರ್ಶೆಯನ್ನೂ. ಹೆಸರು ಹಾಕುವುದಿಲ್ಲ, 'ನಮ್ಮ ಬಾತ್ಮೀದಾರರಿಂದ' ಎಂದಷ್ಟೇ ಇರುತ್ತದೆ. ನಮ್ಮ ಮೇಲಧಿಕಾರಿ ಅಮಲ್ದಾರರು ಅದನ್ನು ಓದಿ ನನ್ನನ್ನು ಕರೆಸಿಬಿಟ್ಟರೆ ಎಂಬ ಹೆದರಿಕೆ ಅರ್ಧ ರಾತ್ರಿ, ಅವರು ಅದನ್ನು ಓದುವುದೇ ಇಲ್ಲವೇನೋ ಎಂಬ ಕೊರಗು ಇನ್ನರ್ಧ ರಾತ್ರಿ. ಹೀಗೆ ನಲವತ್ತು ದಾಟಿದ್ದೇನೆ.

ವಿಮರ್ಶೆ ಬರೆಯುವುದನ್ನು ನಾನು ಕಲಿತದ್ದು ಹಳೆಯ ಪತ್ರಿಕೆಗಳ ತುಣುಕುಗಳಿಂದ. ಮೂಕಿ ಚಿತ್ರಗಳ ಕಾಲದಿಂದಲೂ ಕತ್ತರಿಸಿ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ತುಂಬಿಟ್ಟಿದ್ದೆ. ಆಗಿನ ವಿಮರ್ಶಕರಿಗೆ ಮೂಕಿ ಎಂದರೆ ಆಗುತ್ತಿರಲಿಲ್ಲ. ನಾಟಕದ ಮುಂದೆ ಇದೆಂಥ ಬಾಯಿಲ್ಲದ ನೆರಳು, ಕಣ್ಣಿಗೆ ಕೇಡು, ಒಂದು ಒಳ್ಳೆಯ ಕಂದಪದ್ಯವೂ ಇಲ್ಲ ಎಂದು ಗೋಳಾಡುತ್ತಿದ್ದರು. ಕೆಲವು ವರ್ಷಕ್ಕೆ ಚಿತ್ರಕ್ಕೆ ಬಾಯಿ ಬಂತು. ಅದೇ ಅಂಕಣದಲ್ಲಿ ಗೋಳು ಬೇರೆ ಥರ ಶುರುವಾಯಿತು. ಹಾಡಿನ ಮೇಲೆ ಹಾಡು, ಯಂತ್ರಕ್ಕೆ ನೆಗಡಿಯಾದಂಥ ದನಿ, ಮೂಕಿ ಚಿತ್ರಗಳ ಆ ಮೌನಗಾಂಭೀರ್ಯ ಎಲ್ಲಿ ಹೋಯಿತು? ಕಣ್ಣೆದುರು ಇದ್ದದ್ದನ್ನು ಅವರು ಒಂದು ಸಲವೂ ಮೆಚ್ಚಲಿಲ್ಲ. ಡಬ್ಬಿ ಖಾಲಿ ಮಾಡಿ ನೆಲದ ಮೇಲೆ ಸಾಲಾಗಿ ಹರಡಿ ಓದಿದ ನನಗೆ ನಗು ಬರಬೇಕಾಗಿತ್ತು. ನಾನು ಅದನ್ನೇ ಪಾಠ ಮಾಡಿಕೊಂಡೆ.

ನಮ್ಮ ಸಂಪಾದಕರದ್ದು ಇನ್ನೊಂದು ಕಟ್ಟಳೆ. ಪ್ರತಿ ವಿಮರ್ಶೆಗೂ ನಾಲ್ಕು ತಲೆಬರಹ: ಕಥೆ, ನಟನೆ, ಛಾಯಾಗ್ರಹಣ, ಶಬ್ದಗ್ರಹಣ. ಯಾವುದನ್ನೂ ಖಾಲಿ ಬಿಡಕೂಡದು.

ಎರಡನೇ ಮಹಾಯುದ್ಧದ ನಡುವಿನ ಒಂದು ಬೇಸಿಗೆಯಲ್ಲಿ ನಮ್ಮೂರಿನ ಡೇರೆಯ ಧ್ವನಿಯಂತ್ರದಲ್ಲಿ ವಾಲ್ವು ಸುಟ್ಟುಹೋಯಿತು. ಹೊಸದು ಬೇಕೆಂದು ಬೆಂಗಳೂರಿನಲ್ಲಿ ಕೇಳಿದರೆ, ಯುದ್ಧ ಮುಗಿದ ಮೇಲೆ ಬನ್ನಿ ಎಂದರಂತೆ. ಡೇರೆಯ ಸಾಹುಕಾರರು ಕೈಕಟ್ಟಿ ಕೂರುವ ಆಳಲ್ಲ. ಯಾವುದೋ ಗೋಡೌನಿನಲ್ಲಿ ಧೂಳು ತಿನ್ನುತ್ತಿದ್ದ ಒಂದು ಹಳೆಯ ಮೂಕಿ ಚಿತ್ರವನ್ನು ತಂದರು. ಮೂಕಿ ತಂದ ಮೇಲೆ ಅದಕ್ಕೆ ಕಥೆ ಹೇಳುವವರು ಬೇಕು.

ಹಿಂದೆ ಪ್ರತಿ ಡೇರೆಯಲ್ಲೂ ಅಂಥ ಒಬ್ಬರು ಇರುತ್ತಿದ್ದರು. ಉದ್ದನೆಯ ಕೋಲು ಹಿಡಿದು ಪರದೆಯ ಪಕ್ಕ ನಿಂತು, ಇವನು ಯಾರು, ಅವಳು ಏನನ್ನುತ್ತಿದ್ದಾಳೆ ಎಂದು ಜನಕ್ಕೆ ಕೂಗಿ ಹೇಳುವವರು. ನಮ್ಮ ಕಡೆ ಆ ಕೆಲಸ ಮಾಡುತ್ತಿದ್ದವರು ರಾಜಘಟ್ಟದ ಗೌಡರೊಬ್ಬರು. ಮಾತಿನ ಚಿತ್ರ ಬಂದಾಗ ಅವರ ಕೋಲು ಮೂಲೆ ಸೇರಿತು. ಆಮೇಲೆ ಹತ್ತು ವರ್ಷ ಆ ಗಂಟಲು ರಾಗಿ ಹೊಲದಲ್ಲಿ ಹಕ್ಕಿ ಓಡಿಸುವುದಕ್ಕೆ ಮಾತ್ರ ಉಪಯೋಗವಾಯಿತು ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

ಸಾಹುಕಾರರು ಈಗ ಅವರ ಮನೆಗೇ ಹೋಗಿ ಕರೆದಿದ್ದರು. ಇಲ್ಲಿ ಜನ ಒಪ್ಪಿದರೆ ಡೇರೆಯ ಜೊತೆಗೆ ಹೊಸಕೋಟೆ, ನೆಲಮಂಗಲಕ್ಕೂ ಬರಬಹುದು ಎಂದಿದ್ದರು. ಕಂದಾಯದ ಕೆಲಸಕ್ಕೆ ಕಚೇರಿಗೆ ಬಂದಿದ್ದ ಗೌಡರು ನನ್ನ ಮೇಜಿನ ಮುಂದೆ ನಿಂತು ಇದನ್ನೆಲ್ಲ ಹೇಳಿದರು. ಮೆಲ್ಲಗೆ ಮಾತಾಡುವುದು ಅವರಿಗೆ ಬಾರದು. ಪಕ್ಕದ ಕೋಣೆಯವರೂ ಕೇಳಿಸಿಕೊಂಡರು.

"ಇನ್ನೊಂದ್ಸಲ ಆ ಪರದೆ ಪಕ್ಕ ನಿಂತ್ಬಿಟ್ರೆ ಸಾಕು ಸ್ವಾಮಿ. ಸತ್ತೋದ ಗಂಟ್ಲು ಅಂತ ಮಾಡಿದ್ದೆ, ಬದುಕೈತೆ ನೋಡಿ."

ಮೊದಲ ದಿನದ ಆಟಕ್ಕೆ ಹೋದೆ. ಗೌಡರಿಗೆ ಸಹಿ ಹಾಕುವಷ್ಟು ಅಕ್ಷರ ಬಿಟ್ಟರೆ ಓದು ಬಾರದು. ಡೇರೆಯಲ್ಲಿ ಕೂತ ಎಲ್ಲರಿಗೂ ಅದು ಗೊತ್ತು. ಪರದೆಯ ಮೇಲೆ ಇಂಗ್ಲಿಷಿನ ಅಕ್ಷರಗಳು ಬಂದಾಗಲೆಲ್ಲ ಅವರು ಕೋಲನ್ನು ಸಾಲಿನಿಂದ ಸಾಲಿಗೆ ಇಳಿಸುತ್ತ ಪುರಾಣ ಓದುವವರ ಗತ್ತಿನಲ್ಲಿ ಓದುತ್ತಿದ್ದರು. ಚಿತ್ರದಲ್ಲಿ ಯಾರಿಗೆ ಕಾಗದ ಬಂದರೂ ಅದು ಪಕ್ಕದೂರು ಸಾಸಲಿನ ಬೀಗರು ಬರೆದದ್ದು. ಒಂದು ಕಡೆ ರಾಜ ಓಲೆ ಓದಿ ದಡಾರನೆ ಬೀಳುತ್ತಾನೆ.

"ಬೀಗ್ರು ಬರ್ತಾವ್ರಂತೆ ಕಣ್ರಪ್ಪಾ, ಒಂದು ತಿಂಗ್ಳು ಇದ್ದೋಯ್ತಾರಂತೆ. ಅದ್ಕೇ ರಾಜ ಬಿದ್ದೋದ."

"ಬರ್ಬೇಡಿ ಅನ್ನಕ್ಕೇನು ಗೌಡ?" ಎಂದು ನೆಲದ ಮೇಲೆ ಕೂತವರಲ್ಲಿ ಒಬ್ಬ ಕೇಳಿದ.

"ಅನ್ನಕ್ಕೆ ಬಾಯೆಲ್ಲೈತಲಾ ಅವ್ನಿಗೆ? ಇದು ಮೂಕಿ."

ನಾನು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕೆ. ಇದನ್ನು ಇಲ್ಲಿ ಬರೆದಿಡಬೇಕು, ಯಾಕೆಂದರೆ ಪತ್ರಿಕೆಗೆ ಬರೆಯಲಿಲ್ಲ.

ಮಾರನೆಯ ಬೆಳಿಗ್ಗೆ ವಿಮರ್ಶೆ ಬರೆಯಲು ಕೂತೆ. ಮೂರು ತಲೆಬರಹಗಳನ್ನು ಹಳೆಯ ತುಣುಕುಗಳಿಂದ ಅಲ್ಲಿಷ್ಟು ಇಲ್ಲಿಷ್ಟು ಎತ್ತಿ ತುಂಬಿಸಿದೆ. ಉಳಿದದ್ದು ಶಬ್ದಗ್ರಹಣ. ಮೂಕಿ ಚಿತ್ರಕ್ಕೆ ಎಲ್ಲಿಯ ಶಬ್ದಗ್ರಹಣ? ಖಾಲಿ ಬಿಟ್ಟರೆ ಸಂಪಾದಕರು ಇನ್ನೊಬ್ಬನನ್ನು ಹುಡುಕಿಕೊಂಡಾರು. ಇದ್ದದ್ದು ಇದ್ದ ಹಾಗೆ, ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ ಎಂದು ಬರೆದರೆ, ಬಳ್ಳಾಪುರದ ಗಮಾರ ಎಂದು ಬೆಂಗಳೂರಿನವರು ಆಡಿಕೊಂಡಾರು. ಅರ್ಧ ಗಂಟೆ ಉಗುರು ಕಚ್ಚಿ ಬರೆದೆ: 'ಶಬ್ದಗ್ರಹಣ: ಕರ್ಕಶ. ವಿವರಣಕಾರರ ಅರಚಾಟದಿಂದ ಚಿತ್ರದ ಮೌನಗಾಂಭೀರ್ಯಕ್ಕೆ ಭಂಗ ಬಂದಿದೆ.' ಅಂಚೆಗೆ ಹಾಕಿ ಬಂದು, ಹೆಮ್ಮೆಯಿಂದಲೇ, ಹೆಂಡತಿಗೆ ಬಾಯಲ್ಲಿ ಒಪ್ಪಿಸಿದೆ.

ಆಕೆ ರೊಟ್ಟಿ ತಟ್ಟುತ್ತಿದ್ದಳು. ತಲೆ ಎತ್ತಲಿಲ್ಲ.

"ಕೂಗ್ದೆ ಇನ್ನೇನ್ರೀ ಮಾಡ್ತಾರೆ? ದಿನವೆಲ್ಲ ಮಗ್ಗದ ಸದ್ದಲ್ಲಿ ಕೂತೋರು ಬರ್ತಾರೆ ಡೇರೆಗೆ. ಅವ್ರ ಕಿವಿಗೆ ಬೀಳ್ಬೇಡ್ವಾ?"

ಹೌದಲ್ಲ. ಈ ಊರಿನಲ್ಲಿ ಅರ್ಧ ಜನ ನೇಯ್ಗೆಯವರು. ಸಂಜೆ ಮಗ್ಗ ಬಿಟ್ಟು ಎದ್ದವರ ಹತ್ತಿರ ಅಂಗಡಿಯವರೂ ದನಿ ಎತ್ತಿಯೇ ಮಾತಾಡುತ್ತಾರೆ. ಇಪ್ಪತ್ತು ವರ್ಷ ಇಲ್ಲೇ ಇದ್ದು ನಾನು ಅದನ್ನು ಗಮನಿಸಿರಲಿಲ್ಲ. ಬೆಂಗಳೂರಿನ ಅಂಕಣಗಳನ್ನು ಗಮನಿಸುತ್ತಿದ್ದೆ.

ಯಾರು ಓದುತ್ತಾರೆ ಬಿಡು ಎಂದು ಸಮಾಧಾನ ಮಾಡಿಕೊಂಡೆ. ಓದಿದ್ದು ಬಹುಶಃ ಒಬ್ಬರೇ, ಡೇರೆಯ ಸಾಹುಕಾರರು. ಅವರಿಗೆ ಪತ್ರಿಕೆಯಲ್ಲಿ ಅಚ್ಚಾದದ್ದು ಸರ್ಕಾರಿ ಹುಕುಂ ಇದ್ದ ಹಾಗೆ. ಹೊಗಳಿದ್ದರೆ ಟಿಕೆಟ್ಟಿನ ಕಿಟಕಿಯ ಪಕ್ಕ ಅಂಟಿಸುತ್ತಾರೆ. ತೆಗಳಿದ್ದರೆ, ತೆಗಳಿದ್ದನ್ನು ತೆಗೆದುಹಾಕುತ್ತಾರೆ. ಪತ್ರಿಕೆ ಬಂದ ದಿನವೇ ಪರದೆಯ ಪಕ್ಕ ಒಂದು ಗ್ರಾಮಫೋನು ಬಂತು.

ಮರುದಿನ ಗೌಡರು ಕಚೇರಿಗೆ ಬಂದರು. ಪೇಪರಿನವರು ನಿಮ್ಮನ್ನು ಬೇಡ ಅಂದಿದ್ದಾರೆ ಎಂದಷ್ಟೇ ಹೇಳಿ ಸಾಹುಕಾರರು ಆ ತುಣುಕನ್ನು ಅವರ ಕೈಗೆ ಹಾಕಿದ್ದರು. ಅದನ್ನು ನಾಲ್ಕು ಮಡಿಕೆ ಮಾಡಿ ಪೇಟದಲ್ಲಿ ಸಿಕ್ಕಿಸಿಕೊಂಡು ಬಂದಿದ್ದರು. ಬರೆದವರು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಊರಿನಲ್ಲಿ ಓದು ಬಲ್ಲವರು, ಸಿನಿಮಾ ವಿಷಯ ತಿಳಿದವರು ಎಂದು ನನ್ನ ಹತ್ತಿರ ಬಂದಿದ್ದರು.

"ನಾನೇನ್ ತಪ್ಪು ಮಾಡ್ದೆ ಅಂತ ಬರ್ದವ್ರೆ, ಓದೇಳಿ ಸ್ವಾಮಿ. ತಿದ್ಕೋತೀನಿ."

ತುಣುಕು ಕೈಗೆ ತಗೊಂಡೆ. ನನ್ನದೇ ವಾಕ್ಯ. ಕನ್ನಡಕ ಸರಿಮಾಡಿಕೊಂಡೆ. ಆಮೇಲೆ ಬೆರಳನ್ನು ಸಾಲಿನ ಮೇಲೆ ಎಡದಿಂದ ಬಲಕ್ಕೆ ಎಳೆಯುತ್ತ, ಅಲ್ಲಿ ಇಲ್ಲದ್ದನ್ನು ಓದಿದೆ. ಕಥೆ ಹೇಳಿದವರ ಕಂಠ ಬಹಳ ಚೆನ್ನಾಗಿದೆ, ಜನ ತುಂಬ ಮೆಚ್ಚಿದರು ಎಂದು ಓದಿದೆ. ನಿಜವಾಗಿ ಬರೆಯಬೇಕಾಗಿದ್ದದ್ದು ಅದೇ. ನಾಲ್ಕು ದಿನ ತಡವಾಗಿ, ಒಬ್ಬ ಓದುಗರಿಗೆ, ಬಾಯಲ್ಲಿ ಪ್ರಕಟಿಸಿದೆ.

ಗೌಡರ ಮುಖ ಅರಳಿತು. ನಾನು ನೆನೆಸಿದ್ದು ಅಷ್ಟಕ್ಕೆ ನಿಲ್ಲುತ್ತದೆ ಎಂದು. ಸಮಾಧಾನವಾಗಿ ಊರಿಗೆ ಹೋಗುತ್ತಾರೆ ಎಂದು. ಎಲ್ಲದಕ್ಕೂ ಹೆದರುವ ನಾನು ಹೆದರಬೇಕಾದ ಕಡೆ ಹೆದರಲಿಲ್ಲ.

"ಹಂಗಾದ್ರೆ ಸಾವ್ಕಾರ್ರು ಸರಿಯಾಗ್ ಓದಿಲ್ಲ," ಎಂದು ಅವರು ತುಣುಕನ್ನು ಕಿತ್ತುಕೊಂಡಂತೆ ತಗೊಂಡರು. "ಈಗ್ಲೇ ಹೋಗಿ ಅವ್ರ ಮುಂದೆ ಇಡ್ತೀನಿ."

ನಿಲ್ಲಿ ಎನ್ನಲು ಅವರು ಬಾಗಿಲು ದಾಟುವವರೆಗೆ ಸಮಯವಿತ್ತು. ಎದುರಿಗೆ ಕಡತ ತೆರೆದಿತ್ತು. ಅದನ್ನು ನೋಡುತ್ತ ಕೂತೆ.

ಡೇರೆಯ ಮುಂದೆ ನಡೆದದ್ದನ್ನು ಸಂಜೆ ಹೆಂಡತಿ ಹೇಳಿದಳು. ಅವಳಿಗೆ ನೀರಿನ ಬಾವಿಯ ಹತ್ತಿರ ತಿಳಿದಿತ್ತು. ಟಿಕೆಟ್ಟಿಗೆ ನಿಂತವರ ಎದುರಿಗೇ ಗೌಡರು ಆ ಕಾಗದ ಹಿಡಿದು, ನಾನು ಓದಿದ್ದನ್ನು ತಮ್ಮ ದೊಡ್ಡ ದನಿಯಲ್ಲಿ ಒಪ್ಪಿಸಿದರಂತೆ. ಸಾಹುಕಾರರು ಅದನ್ನು ಇಸಿದುಕೊಂಡು, ಇದ್ದದ್ದನ್ನು ಅಕ್ಷರ ಬಿಡದೆ ಓದಿದರಂತೆ. ಜನ ನಕ್ಕರಂತೆ. ಹೀಗೆ ಓದಿ ಹೇಳಿದ ಪುಣ್ಯಾತ್ಮ ಯಾರು ಎಂದು ಸಾಹುಕಾರರು ಕೇಳಿದ್ದಾರೆ. ಗೌಡರು ಹೇಳಿದ್ದಾರೆ. ಬರೆದದ್ದೂ ಆತನೇ ಅಲ್ಲವೇನಯ್ಯ, ವಿಮರ್ಶೆ ಬರೆಯಲೆಂದು ಪುಕ್ಕಟೆ ಪಾಸು ಕೊಟ್ಟವನು ನಾನು ಎಂದರಂತೆ ಸಾಹುಕಾರರು.

ಹೆಂಡತಿ ಅಷ್ಟು ಹೇಳಿ ಊಟಕ್ಕೆ ಬಡಿಸಿದಳು. ಬೈಯಲಿಲ್ಲ. ಬೈದಿದ್ದರೆ ಉಣ್ಣುತ್ತಿದ್ದೆನೋ ಏನೋ.

ವಿಮರ್ಶೆಯಲ್ಲಿ ತಪ್ಪಾಗಿದೆ, ತಿದ್ದುಪಡಿ ಹಾಕಿ ಎಂದು ಸಂಪಾದಕರಿಗೆ ಎರಡು ಹಾಳೆ ಬರೆದೆ. ಒಂದು ಕಾರ್ಡು ಬಂತು: ಒಂದೇ ಚಿತ್ರವನ್ನು ಎರಡು ಸಲ ವಿಮರ್ಶಿಸುವ ಪದ್ಧತಿಯಿಲ್ಲ. ಅದನ್ನೂ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿದೆ. ಅಷ್ಟರಲ್ಲಿ ಡೇರೆಯೇ ಎದ್ದಿತ್ತು. ಗ್ರಾಮಫೋನಿನ ಹಾಡು ನೇಯ್ಗೆಯವರ ಕಿವಿಗೆ ಮುಟ್ಟಲಿಲ್ಲ, ರಾಜ ಯಾಕೆ ಬಿದ್ದ ಎಂದು ಯಾರಿಗೂ ತಿಳಿಯಲಿಲ್ಲ. ಅರ್ಧ ಆಟಕ್ಕೇ ಜನ ಎದ್ದು ಹೋಗತೊಡಗಿದರು. ಸಾಹುಕಾರರು ಗೂಟ ಕಿತ್ತು ಹೊಸಕೋಟೆಯ ದಾರಿ ಹಿಡಿದರು. ಗೌಡರನ್ನು ಕರೆಯಲಿಲ್ಲ, ಪೇಪರು ಬೇಡ ಎಂದಿತ್ತಲ್ಲ.

ಗೌಡರು ಮತ್ತೆ ಕಚೇರಿಗೆ ಬರಲಿಲ್ಲ. ಕಂದಾಯ ಕಟ್ಟಲು ತಮ್ಮನನ್ನು ಕಳಿಸಿದರು. ಸುಗ್ಗಿ ಕಳೆದ ಮೇಲೆ ಒಂದು ದಿನ ಸಂತೆಯಲ್ಲಿ ಎದುರಾದರು. ತಪ್ಪಿಸಿಕೊಳ್ಳಲು ನಾನು ಬದನೆಕಾಯಿಯ ರಾಶಿಯ ಹಿಂದೆ ಸರಿದೆ. ಅವರೇ ಬಂದು ನಿಂತರು. ಏನೇನೋ ತೊದಲಿದೆ: ಹೊಟ್ಟೆ ಸರಿಯಿರಲಿಲ್ಲ, ತಲೆಬರಹ ಖಾಲಿ ಬಿಡುವ ಹಾಗಿರಲಿಲ್ಲ, ಸಂಪಾದಕರಿಗೆ ಕಾಗದ ಹಾಕಿದ್ದೆ. ಅವರು ಮುಗಿಯುವವರೆಗೂ ಕೇಳಿದರು.

"ನಾನೂ ಓದಕ್ಕೆ ಬರ್ದೇನೇ ಅಷ್ಟು ವರ್ಷ ಜನಕ್ಕೆ ಓದೇಳಿದೀನಿ ಸ್ವಾಮಿ," ಎಂದರು. "ಆದ್ರೆ ಅಲ್ಲಿ ಕೂತಿದ್ದೋರ್ಗೆ ಗೊತ್ತಿತ್ತು, ನಂಗೆ ಓದಕ್ಕೆ ಬರಾಕಿಲ್ಲ ಅಂತ."

ಇಷ್ಟನ್ನು ಅವರು ಎಷ್ಟು ಮೆಲ್ಲಗೆ ಹೇಳಿದರೆಂದರೆ, ಕೈಯಳತೆಯಲ್ಲೇ ನಿಂತಿದ್ದ ನಾನು ಮುಂದಕ್ಕೆ ಬಗ್ಗಿ ಕೇಳಿಸಿಕೊಳ್ಳಬೇಕಾಯಿತು.