ಕ್ಯಾಗುವಜ್ಜನ ಸುತ್ತಿಗೆ

ಜಾರ್ಜಿಯಾದಿಂದ ಸಿಡಿದು ಬೇರೆಯಾದ ಮೇಲೆ ನಮ್ಮ ಅಬ್ಖಾಜಿಯಾಕ್ಕೆ ರಷ್ಯಾವೇ ಗತಿ. ನಮ್ಮೂರ ಕಮ್ಮಾರ ಕ್ಯಾಗುವಜ್ಜ ಇದನ್ನು ಎಂದೂ ಮುಚ್ಚಿಟ್ಟವನಲ್ಲ. ಮಾಸ್ಕೋದ ಪಿಂಚಣಿ ಕೈಸೇರಿದ ದಿನ ರಷ್ಯನ್ನರ ಹೆಸರಿನಲ್ಲಿ ದ್ರಾಕ್ಷಾರಸದ ಲೋಟ ಎತ್ತಿ, "ನೆಂಟರು ನೂರು ವರ್ಷ ಬಾಳಲಿ!" ಎಂದು ಹರಸಿಯೇ ಕುಡಿಯುತ್ತಿದ್ದ.

ಕಡಲ ದಂಡೆಯಲ್ಲಿರುವ ನಮ್ಮ ಪೈನ್ ತೋಪನ್ನು ಮಾಸ್ಕೋದ ಕಂಪನಿಯೊಂದಕ್ಕೆ ಕೊಡುವ ಮಸೂದೆ ಬಂತು. ಅದಕ್ಕೆ ಕೈಯೆತ್ತಲು ಹೊರಟಿದ್ದ ನಮ್ಮ ಸಂಸದ ಬಾತಲ್, ಗಂಡಸರೆಲ್ಲ ಸೇರುವ ಅಜ್ಜನ ಕುಲುಮೆಗೇ ಬಂದು ಭಾಷಣ ಶುರುಮಾಡಿದ.

"ಕರೆಂಟು ಅವರದು, ರಸ್ತೆ ಅವರದು. ನಿಮ್ಮ ಪಿಂಚಣೀನೂ ಅವರದೇ, ಅಜ್ಜಾ. ತೋಪು ಕೊಡೋದು ಊರಿನ ಒಳ್ಳೇದಕ್ಕೇ."

"ಹೌದೇನಪ್ಪಾ?" ಅಜ್ಜ ಸುತ್ತಿಗೆಯನ್ನು ಅವನ ಕೈಗೆ ಕೊಟ್ಟ. "'ಊರಿಗೋಸ್ಕರ, ನನ್ನ ಜೇಬಿಗಲ್ಲ' ಅಂತ ಅಡೆಗಲ್ಲಿನ ಮೇಲೆ ಒಂದೇಟು ಬಡಿದು ಹೇಳ್ಬಿಡು. ನಾನೇ ನಿನ್ನ ಹಿಂದೆ ನಿಲ್ತೀನಿ."

ಕುಲುಮೆಯಲ್ಲಿ ಅಡೆಗಲ್ಲು ಬಡಿದು ಸುಳ್ಳಾಣೆ ಇಟ್ಟವನ ಮನೆತನ ಉಳಿಯುವುದಿಲ್ಲವೆಂದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಬಾತಲನ ಕೈಯ ಸುತ್ತಿಗೆ ಮೇಲೆದ್ದಿತು, ಅಲ್ಲೇ ನಿಂತಿತು, ಆಮೇಲೆ ಮೆಲ್ಲಗೆ ನೆಲಕ್ಕಿಳಿಯಿತು.

"ಭಾರ ಆಯ್ತೇನೋ?" ಎಂದು ಹಿಂದಿನಿಂದ ಯಾರೋ ಕೂಗಿದರು. ಇಡೀ ಕುಲುಮೆ ನಕ್ಕಿತು.

ರಾಜಧಾನಿ ಸುಖುಮಿನ ಸಂಸತ್ತಿನಲ್ಲಿ ಬಾತಲನ ಕೈ ಏಳಲಿಲ್ಲ. ಒಂದೇ ಮತದಿಂದ ಮಸೂದೆ ಬಿದ್ದುಹೋಯಿತು.

ಮುಂದಿನ ಪಿಂಚಣಿಯ ದಿನ ಇಡೀ ಊರು ಪೈನ್ ತೋಪಿನಲ್ಲೇ ಊಟಕ್ಕೆ ಕೂತಿತು. ಅಜ್ಜ ಎಂದಿನಂತೆ ಲೋಟ ಎತ್ತಿದ.

"ನೆಂಟರು ನೂರು ವರ್ಷ ಬಾಳಲಿ! ಬರ್ಲಿ, ಉಣ್ಲಿ, ಕಡಲಲ್ಲಿ ಈಜ್ಲಿ. ಆಮೇಲೆ ಅವರ ಮನೆಗೆ ಹೋಗ್ಲಿ!"